ಕರ್ಕಿ ತಳಿ

ಕರ್ಕಿ, ಹೊನ್ನಾವರ ತಾಲೂಕು
11 ಆಗಸ್ಟ್ 2025

ಅಂಕಿತಾ ಮೊಗೇರ ಇವರಿಗೆ,

ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದ್ಯಾಟ್... ಮುಂದಿನದು ನೆನಪಾಗುತ್ತಿಲ್ಲ. ಕುಮಟಾದಲ್ಲಿ ಎರಡು ವರ್ಷ ಬಿ.ಎ. ಓದಿದವನು ನಾನು. ಇಂಗ್ಲಿಷ್ ಪತ್ರದ ತಲೆ ಮತ್ತು ಬಾಲ ಇವತ್ತಿಗೂ ಬಾಯಿಪಾಠ, ಹೊಟ್ಟೆ ಮಾತ್ರ ಖಾಲಿ. ಹಾಗಾಗಿ ಕನ್ನಡ.

ತಮ್ಮ ರಿಜಿಸ್ಟರ್ ಪತ್ರ ಶುಕ್ರವಾರ ತಲುಪಿತು. ನನಗೆ ಅರ್ಥವಾದದ್ದು ಇಷ್ಟು. ನನ್ನ ಹೆಂಡತಿ ಬಂಗಾರಿ ಎರಡು ವರ್ಷದ ಹಿಂದೆ ಕುಮಟಾದಲ್ಲಿ ತಮಗೆ ತೋಳಿನ ಚರ್ಮದ ಒಂದು ಚೂರು ಕೊಟ್ಟಿದ್ದಳು. ಅದರಿಂದ ಬೆಳೆಸಿದ ಜೀವಕೋಶಗಳು ಹೈದರಾಬಾದಿನ ತಮ್ಮ ಪ್ರಯೋಗಾಲಯದಲ್ಲಿ ಇನ್ನೂ ಜೀವಂತ ಇವೆ. ಅವಳು ತೀರಿಕೊಂಡದ್ದು ತಮಗೆ ಈಗ ಗೊತ್ತಾಗಿ, ಮುಂದೆ ಬಳಸಬೇಕಾದರೆ ಗಂಡನ ಒಪ್ಪಿಗೆ ಬೇಕೆಂದು ತಮ್ಮ ಸಮಿತಿ ಹೇಳಿದೆ. ವರ್ಷದ ಕೊನೆಯೊಳಗೆ ನಾನು ಸಹಿ ಮಾಡದಿದ್ದರೆ ಎಲ್ಲವನ್ನೂ ನಾಶ ಮಾಡುತ್ತೀರಿ.

ಇದನ್ನು ನಾನು ನಂಬಿಲ್ಲ. ಕಳೆದ ಅಕ್ಟೋಬರಿನಲ್ಲಿ ಎದೆನೋವು ಬಂದು, ಹೊನ್ನಾವರದ ಆಸ್ಪತ್ರೆ ಮುಟ್ಟುವ ಮೊದಲೇ ಹೋದವಳು ಅವಳು. ಮಗ ಉಮೇಶ ಬೆಂಕಿ ಕೊಟ್ಟದ್ದನ್ನು ಊರೇ ನೋಡಿದೆ. ಈಗ ಹೈದರಾಬಾದಿನಿಂದ, ಅವಳು ಸ್ವಲ್ಪ ಉಳಿದಿದ್ದಾಳೆ ಎಂದು ಕಾಗದ! ಪೊಲೀಸರ ಟೊಪ್ಪಿಗೆ ಹಾಕಿಕೊಂಡು ಫೋನಿನಲ್ಲಿ ಮುಖ ತೋರಿಸಿ ದುಡ್ಡು ಸುಲಿಯುವ ಕಾಲ ಇದು. ತಾವು ಫೋನ್ ನಂಬರ್ ಕೊಟ್ಟಿದ್ದೀರಿ. ನಾನು ಮಾಡುವುದಿಲ್ಲ. ಮಾತಿಗೆ ಸಾಕ್ಷಿ ಇಲ್ಲ, ಕಾಗದಕ್ಕೆ ಇದೆ. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆಯ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು ನಾನು. ಕಿಟಕಿಯ ಹೊರಗೆ ಅತಿಯಾಗಿ ನೋಡುವ ಪ್ರಯಾಣಿಕನ ಹತ್ತಿರ ಮೊದಲು ಹೋಗಿ ನಿಲ್ಲುವುದು ನನ್ನ ಪದ್ಧತಿ. ತಮ್ಮ ಪತ್ರವೂ ಎಲ್ಲೋ ಹೊರಗೆ ನೋಡುತ್ತಿದೆ.

ಅವಳು ಕುಮಟಾದಲ್ಲಿ ಎಂತಕ್ಕೆ ಇದ್ದಳು? ಜೊತೆಗೆ ಯಾರಿದ್ದರು? ತಾವು ಅದನ್ನು ಬರೆದಿಲ್ಲ. ದಯವಿಟ್ಟು ಮರು ಟಪಾಲಿನಲ್ಲಿ ತಿಳಿಸಿ.

ಯುವರ್ಸ್ ಒಬೀಡಿಯಂಟ್ಲಿ,
ನಿತ್ಯಾನಂದ ನಾಯ್ಕ


ಹೈದರಾಬಾದ್
26 ಆಗಸ್ಟ್ 2025

ಮಾನ್ಯ ನಾಯ್ಕರೆ,

ನಿಮ್ಮ ಸಂಶಯ ನ್ಯಾಯವಾದದ್ದೇ. ನಾನು ಭಟ್ಕಳದ ಅಳ್ವೆಕೋಡಿಯವಳು. ನಮ್ಮ ಅಪ್ಪನಿಗೆ ಇಂಥ ಕಾಗದ ಬಂದಿದ್ದರೆ ಅವರು ಅದನ್ನು ಬಲೆ ಹೊಲಿಯುವ ಜನರ ನಡುವೆ ಗಟ್ಟಿಯಾಗಿ ಓದಿಸಿ ನಗಿಸುತ್ತಿದ್ದರು. ಆದರೂ ಅದು ನಿಜ.

ಟಾಕ್ಸೋಪ್ಲಾಸ್ಮ ಎಂಬ ಪರಾವಲಂಬಿ ಜೀವಿ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕದು. ಬೆಕ್ಕಿನ ಹೇಲಿನಿಂದ ಮಣ್ಣಿಗೆ, ಮಣ್ಣು ಕೆದಕುವ ಕೋಳಿಗೆ, ತೊಳೆಯದ ಸೊಪ್ಪಿಗೆ, ಸರಿಯಾಗಿ ಬೇಯದ ಮಾಂಸಕ್ಕೆ, ಅಲ್ಲಿಂದ ಮನುಷ್ಯರಿಗೆ ಬರುತ್ತದೆ. ಹೆಚ್ಚಿನವರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ. ಕೆಲವರಿಗೆ ಮಾತ್ರ ಹಾನಿ ಮಾಡುತ್ತದೆ. ಹೀಗೇಕೆ ಎಂಬುದೇ ನನ್ನ ಕೆಲಸ. ಈ ಜೀವಿಯಲ್ಲೂ ತಳಿಗಳಿವೆ. ಒಂದು ವಿದೇಶದಿಂದ ಬಂದ, ಎಲ್ಲ ಪ್ರಯೋಗಾಲಯಗಳಲ್ಲೂ ಇರುವ ಹಳೆಯ ತಳಿ. ಇನ್ನೊಂದು ನಮ್ಮ ಕರಾವಳಿಯಲ್ಲೇ ಸಿಕ್ಕಿದ್ದು. ಎರಡನ್ನೂ ಬೇರೆಬೇರೆಯಾಗಿ ಮನುಷ್ಯರ ಚರ್ಮದ ಕೋಶಗಳಿಗೆ ಸೇರಿಸಿ, ಕೋಶದ ಯಾವ ಜೀನ್‌ಗಳು ಎಚ್ಚರಾಗುತ್ತವೆ, ಯಾವುವು ಸುಮ್ಮನಾಗುತ್ತವೆ ಎಂದು ಓದಿ ಹೋಲಿಸುತ್ತೇನೆ. ಇದಕ್ಕಾಗಿ ಎರಡು ಗುಂಪಿನ ಜನರಿಂದ ಚರ್ಮ ಪಡೆದಿದ್ದೇವೆ. ಈ ಜೀವಿ ಕಣ್ಣಿನೊಳಗೆ ಗಾಯ ಮಾಡಿದವರು ಒಂದು ಗುಂಪು. ರಕ್ತದಲ್ಲಿ ಇದರ ಗುರುತಿದ್ದೂ ಯಾವ ತೊಂದರೆಯೂ ಆಗದವರು ಇನ್ನೊಂದು.

ಬಂಗಾರಿಯಮ್ಮ ಸ್ವ ಇಚ್ಛೆಯಿಂದಲೇ ಕೊಟ್ಟರು. ಚರ್ಮ ತೆಗೆದದ್ದು ನಾನೇ. "ನೋಯ್ತದೆಯಾ?" ಎಂದು ಕೇಳಲಿಲ್ಲ, "ಕಲೆ ಉಳಿತದೆಯಾ?" ಎಂದು ಕೇಳಿದರು.

ವಿಶ್ವಾಸವಿರಲಿ,
ಅಂಕಿತಾ


ಕರ್ಕಿ
9 ಸೆಪ್ಟೆಂಬರ್ 2025

ಅಂಕಿತಾ ಮೊಗೇರ ಇವರಿಗೆ,

ತಮ್ಮ ಪತ್ರವನ್ನು ನಾನು ಓದಿದೆ, ಸೊಸೆ ಅಮಿತಾಳಿಂದ ಓದಿಸಿ ಕೇಳಿದೆ, ಆಮೇಲೆ ಮತ್ತೆ ಓದಿದೆ. ಸೊಸೆ ತನ್ನ ಫೋನಿನಲ್ಲಿ ತಮ್ಮ ಹೆಸರು ಹುಡುಕಿದಳು. ತಮ್ಮ ಪ್ರಯೋಗಾಲಯದ ಯಾವುದೋ ಇಂಗ್ಲಿಷ್ ಬರಹ ಸಿಕ್ಕಿತು. ಪ್ರತಿ ಶಬ್ದವನ್ನೂ ಎಲ್ಲೋ ಕೇಳಿದ್ದೆ ಅನ್ನಿಸಿತು, ಸಾಲು ಮಾತ್ರ ಒಂದೂ ತಿಳಿಯಲಿಲ್ಲ. ಆದರೆ ಒಂದು ಹೆಸರು ಚೆನ್ನಾಗಿ ತಿಳಿಯಿತು. ತಾವು "ನಮ್ಮ ಕರಾವಳಿಯಲ್ಲೇ ಸಿಕ್ಕಿದ್ದು" ಎಂದು ಮೆಲ್ಲಗೆ ದಾಟಿಸಿದ ಆ ತಳಿಗೆ ಅಲ್ಲಿ "ಕರ್ಕಿ" ಎಂದು ಹೆಸರಿದೆ!

ಇದು ಯಾವ ನ್ಯಾಯ? ಯಕ್ಷಗಾನದಿಂದ ಹೆಸರು ಪಡೆದ ಊರು ನಮ್ಮದು. ನಾಳೆ ಯಾವನೋ ಡಾಕ್ಟರು "ನಿಮಗೆ ಕರ್ಕಿ ಆಗಿದೆ" ಎಂದರೆ? ಐ ಸ್ಟ್ರಾಂಗ್ಲಿ ಆಬ್ಜೆಕ್ಟ್.

ಸೊಸೆ ಇನ್ನೂ ಓದಿ, ಅದು ಇಲ್ಲಿಯ ಒಂದು ಊರಕೋಳಿಯ ಹೃದಯದಿಂದ ತೆಗೆದದ್ದು ಎಂದಳು. ಕರ್ಕಿಯಲ್ಲಿ ಪರವೂರಿನವರಿಗೆ ಕೋಳಿ ಕೊಡುವ ಧೈರ್ಯ ಇರುವುದು ನಮ್ಮ ಪಕ್ಕದ ಮನೆಯ ದುರ್ಗಿಗೆ ಮಾತ್ರ. ಬೇಲಿಯ ಹತ್ತಿರ ನಿಂತು ಕೇಳಿದೆ.

"ಹೌದು, ಕೊಟ್ಟಿದ್ದೆ. ಎಂತ ಆತು ಈಗ? ನಿಮ್ಮ ಕೋಳಿ ಅಲ್ವಲ್ಲ."

"ಅದ್ರ ಮೈಯಲ್ಲಿ ರೋಗ ಇತ್ತಂತೆ."

"ಅದ್ರ ಅಕ್ಕ-ತಂಗೇರನ್ನೆಲ್ಲ ಸಾರು ಮಾಡ್ಸಿ, ಇನ್ನೊಂದು ತುಂಡು ಹಾಕು ಅಂತ ಉಂಡವ್ರು ನೀವೇ, ನಿತ್ಯಣ್ಣ. ಆಗ ಟಿಕೆಟ್ ಕೇಳ್ಲಿಲ್ಲ!"

ಅವಳನ್ನು ನಾನು ಎಂದೂ ಮಾತಿನಲ್ಲಿ ಗೆದ್ದವನಲ್ಲ. ಆದರೆ ಒಂದು ಗಮನಿಸಿದೆ. ತಮ್ಮ ಜನ ಕೋಳಿಗೆ ಬಂದದ್ದು ಯಾರ ಪರಿಚಯದಿಂದ ಎಂದು ಕೇಳಿದಾಗ ಅವಳು ಒಣಗಿದ ಬಟ್ಟೆ ತೆಗೆಯುವ ನೆವದಲ್ಲಿ ಒಳಗೆ ಹೋದಳು. ಬಟ್ಟೆ ಇನ್ನೂ ಹಸಿಯಾಗಿಯೇ ಇತ್ತು.

ತಾವು ಎಲ್ಲಕ್ಕೂ ಉತ್ತರ ಬರೆದಿರಿ, ನಾನು ಕೇಳಿದ್ದೊಂದನ್ನು ಬಿಟ್ಟು. ಕುಮಟಾದಲ್ಲಿ ಅವಳ ಜೊತೆ ಯಾರಿದ್ದರು?

ನಿತ್ಯಾನಂದ ನಾಯ್ಕ


ಹೈದರಾಬಾದ್
20 ಸೆಪ್ಟೆಂಬರ್ 2025

ನಿತ್ಯಾನಂದ ಮಾಮ,

ಹೀಗೆ ಕರೆದರೆ ಬೇಸರ ಇಲ್ಲ ಎಂದುಕೊಂಡಿದ್ದೇನೆ. ತಳಿಗಳಿಗೆ ಸಿಕ್ಕಿದ ಊರಿನ ಹೆಸರಿಡುವುದು ರೂಢಿ. ಅಗೌರವದಿಂದಲ್ಲ. ಆದರೂ ನಿಮ್ಮ ಆಕ್ಷೇಪವನ್ನು ಪ್ರಯೋಗಾಲಯ ನಡೆಸುವ ನಮ್ಮ ಮೇಡಂಗೆ ಓದಿ ಹೇಳಿದೆ. ಅವರು ತುಂಬ ಹೊತ್ತು ನಕ್ಕು, ಆಮೇಲೆ "ಅವರು ಹೇಳುವುದರಲ್ಲೂ ಅರ್ಥ ಇದೆ" ಎಂದರು. ಮುಂದಿನ ಬರಹದಲ್ಲಿ ಊರಿನ ಹೆಸರಿನ ಬದಲು ಒಂದು ಅಕ್ಷರ ಮಾತ್ರ ಬಳಸುವ ಯೋಚನೆ ಇದೆ.

ನಮ್ಮ ಕೆಲಸ ನಿಮಗೆ ಕಾಣುವ ಹಾಗೆ ಹೇಳಲು ನೋಡುತ್ತೇನೆ. ವಿದೇಶಿ ತಳಿ ಕೋಶದೊಳಗೆ ಹೊಕ್ಕಾಗ ಅಲ್ಲಿಯ ಎಚ್ಚರಿಕೆಯ ಜೀನ್‌ಗಳನ್ನು ಅಡಗಿಸುತ್ತದೆ. ಟಿಕೆಟ್ ಇಲ್ಲದವನು ಕಂಡಕ್ಟರನಿಗೇ ಎಲೆ-ಅಡಿಕೆ ಕೊಟ್ಟು ಮಾತಿಗೆಳೆದ ಹಾಗೆ. ಕರ್ಕಿ ತಳಿ ಹಾಗಲ್ಲ. ಅದು ಹೊಕ್ಕೊಡನೆ ಗದ್ದಲ. ಬಂಗಾರಿಯಮ್ಮನ ಕೋಶಗಳಲ್ಲಿ ಆ ಗದ್ದಲದ ಜೀನ್‌ಗಳು ಉಳಿದ ಯಾರಲ್ಲೂ ಕಾಣದಷ್ಟು ಜೋರಾಗಿ ಎದ್ದವು. ಗದ್ದಲ ಒಳ್ಳೆಯದೇ, ಕಳ್ಳನನ್ನು ಹಿಡಿಯುತ್ತದೆ. ಆದರೆ ಮೈಯ ಕೆಲವು ಸೂಕ್ಷ್ಮ ಜಾಗಗಳಲ್ಲಿ ಕಳ್ಳನಿಗಿಂತ ಗದ್ದಲವೇ ಹೆಚ್ಚು ಹಾಳು ಮಾಡುತ್ತದೆ. ಒಬ್ಬರದೇ ಫಲಿತಾಂಶವನ್ನು ನಾನು ಹೀಗೆ ಬರೆಯಬಾರದಿತ್ತು. ಬರೆದಾಯಿತು.

ಈ ಕೋಶಗಳೂ ಸದಾ ಬದುಕುವುದಿಲ್ಲ, ಮಾಮ. ವಿಭಜನೆಯಾಗುತ್ತಾ ಮುದಿಯಾಗಿ ನಿಲ್ಲುತ್ತವೆ. ಕೆಲವು ಸೀಸೆಗಳನ್ನು ಮಾತ್ರ ತೀರಾ ತಣ್ಣಗೆ ಇಟ್ಟಿದ್ದೇವೆ. ಅವು ಇಲ್ಲದೆ ಈ ಹೋಲಿಕೆಯನ್ನು ಎರಡನೆಯ ಸಲ ಮಾಡಿ ತೋರಿಸಲು ಆಗುವುದಿಲ್ಲ. ತೋರಿಸದಿದ್ದರೆ ಯಾರೂ ನಂಬುವುದಿಲ್ಲ. ನೀವಂತೂ ಮೊದಲೇ ನಂಬುವವರಲ್ಲ.

ಅಂಕಿತಾ


ಕರ್ಕಿ
24 ಅಕ್ಟೋಬರ್ 2025

ಅಂಕಿತಾ,

ಬಂಗಾರಿಯ ವರ್ಷಾಂತಿಕ ಮುಗಿಯಿತು. ಭಟ್ಟರು "ಇನ್ನು ಅವರು ಪೂರ್ತಿ ಹೋದ ಹಾಗೆ" ಎಂದರು. ನಾನು ಹೈದರಾಬಾದಿನ ಸುದ್ದಿ ಹೇಳಲಿಲ್ಲ. ಹೇಳಿದ್ದರೆ ಮತ್ತೊಂದು ವಿಧಿ ಹುಡುಕಿ ತರುತ್ತಿದ್ದರು.

ಗದ್ದಲ ಎಂದು ಬರೆದಿದ್ದೀರಿ. ಮದುವೆಯಾದಲ್ಲಿಂದ ನನ್ನ ಎದುರು ಒಂದು ದಿನ ಧ್ವನಿ ಎತ್ತಿದವಳಲ್ಲ ಅವಳು. ಹಗಲಿಡೀ ಹೊಲಿಗೆ ಮೆಷಿನ್ ಮುಂದೆ ಕೂತು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದಳು, ಮೆಷಿನ್ನಿನದೇ ಸದ್ದು. ಅಂಥವಳ ಒಳಗೆ ಉಳಿದ ಯಾರಲ್ಲೂ ಇಲ್ಲದ ಗದ್ದಲ. ಇದನ್ನು ಓದಿ ನನಗೆ ನಿದ್ದೆ ಬಂದಿಲ್ಲ.

ಇನ್ನು ಮುಚ್ಚಿಡುವುದಿಲ್ಲ. ಹೆಂಗಸರಿಗೆ ಬಸ್ ಪುಕ್ಕಟೆ ಆದ ಮೇಲೆ ಅವಳ ಚೀಲದಲ್ಲಿ ನನಗೆ ಸೊನ್ನೆ ರೂಪಾಯಿಯ ಟಿಕೆಟ್‌ಗಳು ಸಿಗತೊಡಗಿದವು. ಕರ್ಕಿಯಿಂದ ಕುಮಟಾ, ಯಾವಾಗಲೂ ಎರಡನೇ ಶನಿವಾರ. ಕೇಳಿದರೆ "ಅಸ್ತರಿನ ಬಟ್ಟೆ ತರ್ಲಿಕ್ಕೆ" ಎನ್ನುತ್ತಿದ್ದಳು. ಅಸ್ತರು ಹೊನ್ನಾವರದಲ್ಲಿ ಸಿಗುವುದಿಲ್ಲವೆ? ನನಗೆ ಸಂಶಯ ಒಂದೇ. ತದಡಿ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯಾಗಿರುವ ಅವಳ ಅಣ್ಣ ದೇವು. ಅವನಿಗೂ ನನಗೂ ಮಾತಿಲ್ಲ, ಜಗಳ ಹಳೆಯದು, ಇಲ್ಲಿ ಬೇಡ. ಅವನ ಮನೆಗೆ ಹೋಗಕೂಡದೆಂದು ನಾನು ಹೇಳಿದ್ದೆ. ಕದ್ದು ಹೋಗುತ್ತಿದ್ದಳು ಎಂದು ಖಾತ್ರಿ ಮಾಡಿಕೊಂಡಿದ್ದೆ.

ಮೊನ್ನೆ ಅವನ ಹತ್ತಿರವೇ ಹೋದೆ. ಐಸ್ ಗಡ್ಡೆಗೆ ಹೊಟ್ಟು ಮುಚ್ಚಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಬಂಗಾರಿ ಇಲ್ಲಿಗೆ ಬರ್ತಿದ್ಲಾ?"

"ಈಗ ಅದನ್ನ ಕೇಳ್ಲಿಕ್ಕೆ ಬಂದ್ರಾ ಭಾವ?"

"ಬರ್ತಿದ್ಲಾ, ಇಲ್ವಾ?"

"ನೀವು ಬೇಡ ಹೇಳಿದ್ಮೇಲೆ ಅವಳು ಎಲ್ಲಿಂದ ಬರುದು? ಕುಮಟಾ ಪ್ಯಾಟೆಲಿ ಒಂದ್ಸಲ ಕಂಡಿದ್ದೆ. ಪಕ್ಕದಲ್ಲೇ ಬಂದೆ, ಕೈ ಮಾಡ್ದೆ. ನನ್ನನ್ನ ನೋಡ್ದೆ ಹೋದ್ಲು. ನೀವು ಅಷ್ಟು ಹೆದರ್ಸಿಟ್ಟಿದ್ರಿ."

ಚಾ ಕುಡಿಯಿರಿ ಎಂದ. ಕುಡಿಯಲಿಲ್ಲ. ಅವನ ಮಾತನ್ನು ನಂಬಿಯೂ ಇಲ್ಲ, ಬಿಟ್ಟೂ ಇಲ್ಲ.

ಅದಕ್ಕಾಗಿ ಹೇಳುತ್ತೇನೆ. ತಮಗೆ ಸಹಿ ಬೇಕು. ನನಗೆ, ಅವಳು ಕುಮಟಾದಲ್ಲಿ ಯಾರ ಹತ್ತಿರ ಹೋಗುತ್ತಿದ್ದಳು ಎಂಬುದು ಬೇಕು. ತಾವು ಬರೆದ ದಿನ ನಾನು ಸಹಿ ಮಾಡುತ್ತೇನೆ. ಇಲ್ಲವಾದರೆ ಎಲ್ಲವನ್ನೂ ಚೆಲ್ಲಿಬಿಡಿ.

ನಿತ್ಯಾನಂದ ನಾಯ್ಕ


ಹೈದರಾಬಾದ್
3 ನವೆಂಬರ್ 2025

ಮಾನ್ಯ ನಾಯ್ಕರೆ,

ಹಾಗಾದರೆ ಚೆಲ್ಲುತ್ತೇವೆ.

ಸೂಜಿ ತೆಗೆಯುವ ಮೊದಲು ಬಂಗಾರಿಯಮ್ಮ ನನ್ನ ಕೈ ಹಿಡಿದು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡು ಎಂದಿದ್ದರು. ಕೊಟ್ಟಿದ್ದೇನೆ. ನನ್ನ ನಾಲ್ಕು ವರ್ಷದ ಕೆಲಸ ಆ ಸೀಸೆಗಳ ಮೇಲೆ ನಿಂತಿದೆ ಎಂಬುದು ನಿಜ, ನಿಮಗೆ ಅದು ಗೊತ್ತಾಗಿ ಹೀಗೆ ಬರೆದಿರಿ ಎಂದೂ ತಿಳಿಯಿತು. ನಿನ್ನೆ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಅತ್ತೆ. "ಸತ್ತವ್ರು ಕೇಳ್ಕಂತ್ರಾ, ಹೇಳ್ಬಿಡು" ಎಂದರು ಅಮ್ಮ. ನನಗಾಗುವುದಿಲ್ಲ. ಅವರು ಪ್ರತಿ ದಿನ ನನ್ನ ಕಣ್ಣೆದುರು ಬೆಳೆಯುತ್ತಿದ್ದಾರೆ.

ನಾಶ ಮಾಡುವ ಕೆಲಸ ಡಿಸೆಂಬರ್ 29ಕ್ಕೆ. ಇನ್ನು ನೀವು ಬರೆಯಬೇಕಾದ್ದಿಲ್ಲ.

ಅಂಕಿತಾ ಮೊಗೇರ


ಕರ್ಕಿ
18 ನವೆಂಬರ್ 2025

ತಂಗಿ ಅಂಕಿತಾ,

ಬರೆಯಬಾರದು ಎಂದಿದ್ದೀರಿ, ಬರೆಯುತ್ತಿದ್ದೇನೆ. ಸೇವೆಯಲ್ಲಿದ್ದಾಗ ಎಷ್ಟೋ ಕಂಡಕ್ಟರುಗಳು ನನ್ನ ಜೇಬಿಗೆ ಲಂಚ ತುರುಕಲು ನೋಡಿದ್ದಾರೆ. ಬೇರೆಯವರ ಜೇಬಿಗೆ ತುರುಕಿ ನೋಡಿದ್ದು ನಾನು ಇದೇ ಮೊದಲು. ತಮ್ಮ ಜೇಬು ಹೊಲಿದುಬಿಟ್ಟಿದೆ. ಇದಕ್ಕೆ ಇಂಗ್ಲಿಷಿನಲ್ಲಿ ಒಳ್ಳೆಯ ಶಬ್ದವೊಂದಿತ್ತು, ಎರಡನೇ ವರ್ಷದಲ್ಲಿ ಕಲಿಸಿದ್ದರು. ಇನ್-ಕರಪ್ಟಿ... ಹೋಗಲಿ.

ತಮ್ಮ ಪತ್ರಗಳನ್ನೆಲ್ಲ ಹರಡಿಕೊಂಡು ಮತ್ತೆ ಓದಿದೆ. ಆಗಸ್ಟ್ 26ರ ಪತ್ರದಲ್ಲಿ ಎರಡು ಗುಂಪು ಎಂದು ಬರೆದಿದ್ದೀರಿ. ಕಣ್ಣಿನೊಳಗೆ ಗಾಯವಾದವರು, ಏನೂ ಆಗದವರು. ನಾನು ಆಗ ಅದನ್ನು ದಾಟಿ ಓಡಿದ್ದೆ, ದೇವುವನ್ನು ಹುಡುಕುವ ಅವಸರ. ಈಗ ಒಂದೇ ಪ್ರಶ್ನೆ, ಸಹಿಗೂ ಇದಕ್ಕೂ ಸಂಬಂಧವಿಲ್ಲ. ಅವಳು ಯಾವ ಗುಂಪು?

ನಿತ್ಯಾನಂದ


ಹೈದರಾಬಾದ್
27 ನವೆಂಬರ್ 2025

ಮಾಮ,

ಇದನ್ನೂ ನಾನು ಹೇಳಲಾರೆ. ಅದು ನನ್ನ ಸೊತ್ತಲ್ಲ.

ನೀವು "ತಂಗಿ" ಎಂದು ಬರೆದದ್ದಕ್ಕೆ ಹಿಂದಿನ ಪತ್ರದ ಸಿಟ್ಟು ಇಳಿಯಿತು. ಆದರೆ ಉತ್ತರ ಇದೇ.

ಅಂಕಿತಾ


ಕರ್ಕಿ
18 ಡಿಸೆಂಬರ್ 2025

ತಂಗಿ ಅಂಕಿತಾ,

ಏನೂ ಆಗದವರ ಗುಂಪಾಗಿದ್ದರೆ "ಅವರಿಗೆ ಏನೂ ಆಗಿರಲಿಲ್ಲ ಮಾಮ" ಎಂದು ಬರೆಯಲು ಯಾವ ಮಾತೂ ಅಡ್ಡ ಬರುತ್ತಿರಲಿಲ್ಲ. ಟಿಕೆಟ್ ಇದ್ದವನು ಕೇಳುವ ಮೊದಲೇ ತೋರಿಸುತ್ತಾನೆ. ತಮ್ಮ ಪತ್ರ ಹಿಡಿದುಕೊಂಡು ಬೇಲಿಗೆ ಹೋದೆ. ದುರ್ಗಿ ಕೋಳಿಗಳಿಗೆ ಅಕ್ಕಿನುಚ್ಚು ಹಾಕುತ್ತಿದ್ದಳು.

"ಬಂಗಾರಿಗೆ ಯಾವ ಕಣ್ಣು ಕಾಣ್ತಿರ್ಲಿಲ್ಲ?" ಎಂದೆ, ಎಲ್ಲ ಗೊತ್ತಿದ್ದವನ ಹಾಗೆ.

ಅವಳ ಕೈ ನಿಂತಿತು.

"ಬಲಗಣ್ಣು," ಎಂದಳು. "ಹೈದರಾಬಾದಿನ ಹುಡುಗಿ ಹೇಳ್ತಾ?"

"ಇಲ್ಲ. ಅವಳು ಸತ್ರೂ ಹೇಳುದಿಲ್ಲ."

"ಹಂಗಾರೆ ನಾ ಎಂತಕ್ಕೆ ಹೇಳ್ದೆ!" ಎಂದು ಅಲ್ಲೇ ಕಲ್ಲಿನ ಮೇಲೆ ಕೂತಳು. ಆಮೇಲೆ ಹೇಳಿದಳು. ಕುಮಟಾದ ಕಣ್ಣಿನ ದವಾಖಾನೆಗೆ ಎರಡನೇ ಶನಿವಾರ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರಂತೆ. ತಮ್ಮ ಜನಕ್ಕೆ ಕೋಳಿ ಕೊಟ್ಟದ್ದೂ ಆ ಪರಿಚಯದಿಂದಲೇ. ಬಲಗಣ್ಣಿನ ದೃಷ್ಟಿ ಪೂರ್ತಿ ಹೋಗಿ, ಎಡಗಣ್ಣಿಗೂ ತಗಲುವ ಹೆದರಿಕೆ ಇತ್ತಂತೆ. ದೇವು ಆ ದಿನ ಬಂದದ್ದು ಅವಳ ಬಲಗಡೆಯಿಂದ ಇರಬೇಕು. ನಾನು ಈ ತಿಂಗಳು ತದಡಿಗೆ ಹೋಗಿ ಅದನ್ನು ಅವನಿಗೆ ಹೇಳಿದೆ. ಅವನು ಮುಖ ಆಚೆ ತಿರುಗಿಸಿಕೊಂಡೇ ಚಾ ತರಿಸಿದ. ಈ ಸಲ ಕುಡಿದೆ.

"ನನ್ನತ್ರ ಎಂತಕ್ಕೆ ಮುಚ್ಚಿಟ್ಲು?" ಎಂದು ದುರ್ಗಿಯನ್ನು ಕೇಳಿದೆ.

"ನಿಮ್ಗೆ ಗೊತ್ತಾದ್ರೆ ಮೆಷಿನ್ ಅಟ್ಟಕ್ಕೆ ಹಾಕ್ತ್ರು ಅಂದ್ಲು. ಕಣ್ಣಿಲ್ದವಳು ಹೊಲಿತಾಳೆ ಅಂತ ಊರಲ್ಲಿ ಗೊತ್ತಾದ್ರೆ ಯಾರು ರವಿಕೆ ಕೊಡ್ತ್ರು? ಅವಳಿಗೆ ಅದೊಂದೇ ಅಲ್ದಾ ತನ್ನದು ಅಂತ ಇದ್ದದ್ದು. ಬೆಳಿಗ್ಗೆ ಬೆಳಿಗ್ಗೆ ನಾ ಬರ್ತಿದ್ನಲ್ಲ, ನೀವು ಪೇಪರ್ ಹಿಂದಿಂದ ಹುಬ್ಬು ಗಂಟು ಹಾಕ್ತಿದ್ರಿ, ಹರಟೆ ಹೊಡಿಲಿಕ್ಕೆ ಬಂದ್ಲು ಅಂತ? ಇಡೀ ದಿನಕ್ಕೆ ಬೇಕಾದಷ್ಟು ಸೂಜಿಗೆ ದಾರ ಪೋಣ್ಸಿಟ್ಟು ಹೋಗ್ಲಿಕ್ಕೆ ಬರ್ತಿದ್ದೆ."

ಬಂಗಾರಿ ಅಂದದ್ದು ಸರಿ, ಮೆಷಿನ್ ಅಟ್ಟಕ್ಕೇ ಹಾಕಿಸುತ್ತಿದ್ದೆ. ಅವಳ ಒಳ್ಳೆಯದಕ್ಕೇ ಎಂದು ನಾಲ್ಕು ಜನರಿಗೆ ಹೇಳಿಕೊಂಡೂ ಬರುತ್ತಿದ್ದೆ.

ಕಳೆದ ಶನಿವಾರ ಎರಡನೇ ಶನಿವಾರ. ನಾನೂ ಕುಮಟಾ ಬಸ್ಸು ಹತ್ತಿದೆ. ಅದೇ ದವಾಖಾನೆ, ಹೊರಗೆ ಉದ್ದನೆಯ ಬೆಂಚು. ಅಲ್ಲಿ ಕೂತ ಹೆಂಗಸರಲ್ಲಿ ಅರ್ಧ ಜನ ಮನೆಯಲ್ಲಿ ಬೇರೆ ಏನೋ ಹೇಳಿ ಬಂದವರು ಎಂದು ನನಗೆ ಮುಖ ನೋಡಿಯೇ ತಿಳಿಯಿತು. ಯಾರನ್ನೂ ವಿಚಾರಿಸಲಿಲ್ಲ. ಕಣ್ಣಿಗೆ ಔಷಧ ಬಿಟ್ಟು ಒಳಗೆಲ್ಲ ನೋಡಿದರು, ರಕ್ತ ತೆಗೆದರು. ಇವತ್ತು ವರದಿ ಬಂತು. ಆ ಪರಾವಲಂಬಿ ನನ್ನ ಮೈಯನ್ನೂ ಹೊಕ್ಕ ಗುರುತು ರಕ್ತದಲ್ಲಿ ಇದೆ, ಬಹಳ ಹಳೆಯದು. ಕಣ್ಣು ಮಾತ್ರ ಎರಡೂ ಸ್ವಚ್ಛ. ಒಂದೇ ಬಾವಿಯ ನೀರು, ಒಂದೇ ದುರ್ಗಿಯ ಕೋಳಿ, ಒಂದೇ ಅಂಗಳದ ಬೆಕ್ಕು. ಅವಳ ಒಳಗೆ ಗದ್ದಲ ಎದ್ದಿತು. ನನ್ನ ಒಳಗೆ ಅದು ಪುಕ್ಕಟೆ ಕೂತು ಪ್ರಯಾಣ ಮಾಡಿತು, ನನಗೆ ಗೊತ್ತೇ ಆಗಲಿಲ್ಲ.

ತಮಗೆ ಏನೂ ಆಗದವರ ಗುಂಪೂ ಬೇಕಲ್ಲ. ಅದೇ ಮನೆಯವನು ಇನ್ನೆಲ್ಲಿ ಸಿಗುತ್ತಾನೆ? ಜನವರಿಯಲ್ಲಿ ಊರಿಗೆಂದು ಭಟ್ಕಳಕ್ಕೆ ಬರುವುದಿದ್ದರೆ ತಮ್ಮ ಸೂಜಿ ತನ್ನಿ. ಎಡತೋಳು, ಬಲತೋಳು, ಯಾವುದಾದರೂ ಆದೀತು. ನೋಯುತ್ತದೆಯೇ ಎಂದು ನಾನು ಕೇಳುತ್ತೇನೆ, ಈಗಲೇ ಹೇಳಿಡುತ್ತೇನೆ.

ಸಹಿ ಮಾಡಿದ ಕಾಗದ ಇದರ ಜೊತೆ ಇದೆ. ಸ್ಪೀಡ್ ಪೋಸ್ಟ್ ಮಾಡಿದ್ದೇನೆ, ಇಪ್ಪತ್ತೊಂಬತ್ತರ ಒಳಗೆ ತಲುಪದಿದ್ದರೆ ಎಂಬ ಸಂಶಯದಿಂದ ಸೊಸೆಯ ಫೋನಿನಿಂದ ಫೋಟೋ ಸಹ ಕಳಿಸಿದ್ದೇನೆ. ಆ ಕೋಳಿಯ ತಳಿಯ ಹೆಸರನ್ನೂ ಬದಲಾಯಿಸಬೇಡಿ, ಕರ್ಕಿ ಎಂದೇ ಇರಲಿ.

ಕೊನೆಗೆ ಒಂದು. ಅವಳ ಸೀಸೆಯ ಪಕ್ಕದಲ್ಲಿ ನನ್ನದನ್ನು ಇಟ್ಟರೆ ಬಹಳ ಉಪಕಾರ. ಆದರೆ ಮೇಲೆ ನನ್ನ ಹೆಸರು ಬರೆಯಬೇಡಿ, ನಂಬರ್ ಸಾಕು. ನನಗೆ ಗೊತ್ತಾಗಿದೆ ಎಂದು ಅವಳಿಗೆ ತಿಳಿಯುವುದು ಬೇಡ.

ನಿತ್ಯಾನಂದ